ಬೇಟೆನಾಯಿಗೆ ತಿರುಗಿಬಿದ್ದ ಮೊಲ

ಹಾಸನ ತಾಲ್ಲೂಕಿನ ಹೋಬಳಿ ಕೇಂದ್ರವಾದ ದುದ್ದದ ವಾಯವ್ಯಕ್ಕೆ ಹಳೇಬೀಡು, ಆಗ್ನೇಯಕ್ಕೆ ಶ್ರವಣಬೆಳಗೊಳ. ಈ ಸೀಮೆಯಲ್ಲಿ ರಾಜ್ಯವೊಂದರ ಹುಟ್ಟಿನ ಕಥೆಯೆಂದರೆ ಸಳನ ಕಥೆಯೇ. ಸೊಸೆವೂರಿನಲ್ಲಿ, ಎಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಹುಲಿ ಎರಗಿ ಬಂದಾಗ ಜೈನಮುನಿ ಸುದತ್ತರು ‘ಹೊಯ್ ಸಳ’ ಎಂದು ನುಡಿದರು, ಸಳ ಹೊಯ್ದ. ಆ ದೃಶ್ಯವು ಬೇಲೂರಿನ ದೇವಾಲಯದಲ್ಲಿ ರಾಜಲಾಂಛನದ ಶಿಲ್ಪವಾಗಿ ನಿಂತಿದೆ. ಇದೇ ಸೀಮೆಯ ರಾಗಿ, ಹುರುಳಿ ಹೊಲಗಳಲ್ಲಿ ಸಂಜೆಗತ್ತಲಿಗೆ ಮೇಯಲು ಹೊರಡುವ ಮೊಲಕ್ಕೆ ಅಂಥ ಪೀಠ ದೊರೆಯಲಿಲ್ಲ. ಆದರೆ ಹೊಯ್ಸಳರ ಕಾಲ ಮುಗಿದ ಮೇಲೆ ಕನ್ನಡನಾಡಿನಲ್ಲಿ ಕೋಟೆಗೂ ರಾಜಧಾನಿಗೂ ಸ್ಥಳ ತೋರಿಸಿಕೊಟ್ಟದ್ದು, ಐತಿಹ್ಯಗಳ ಪ್ರಕಾರ, ಹುಲಿಯಲ್ಲ, ಮೊಲ.

ವಿಜಯನಗರದ ಕಥೆ ಎಲ್ಲರಿಗೂ ಗೊತ್ತಿರುವಂಥದು. ತುಂಗಭದ್ರೆಯ ದಕ್ಷಿಣ ದಡದಲ್ಲಿ ಬೇಟೆಗೆ ಹೋದಾಗ ನಾಯಿಗಳು ಒಂದು ಮೊಲವನ್ನು ಅಟ್ಟಿದವು. ಮೊಲ ಓಡಲಿಲ್ಲ, ತಿರುಗಿ ನಿಂತು ನಾಯಿಗಳನ್ನೇ ಕಚ್ಚಿತು. ಬೆರಗಾದ ಅರಸನಿಗೆ ಒಬ್ಬ ತಪಸ್ವಿ ಅಲ್ಲಿಯೇ ನಗರ ಕಟ್ಟಲು ಹೇಳಿದರು. ನಮ್ಮ ಜನ ಅರಸನ ಜಾಗದಲ್ಲಿ ಹರಿಹರ ಬುಕ್ಕರನ್ನೂ ತಪಸ್ವಿಯ ಜಾಗದಲ್ಲಿ ವಿದ್ಯಾರಣ್ಯರನ್ನೂ ಇಟ್ಟು ಹೇಳುತ್ತಾರೆ. ಸುಮಾರು 1535ರಲ್ಲಿ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್ ಅದನ್ನು ಆನೆಗೊಂದಿಯ ‘ದೇವರಾಯ’ನ ಕಥೆಯಾಗಿ ದಾಖಲಿಸಿದ್ದಾನೆ. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಅದು ಇಂಗ್ಲಿಷಿಗೆ ಬಂದಿತು. ಸ್ಥಾಪನೆಯ ವರ್ಷವೆಂದು ಪರಂಪರೆ ಹೇಳುವುದು 1336. ಆ ತೇದಿಯನ್ನೇ ಹೊತ್ತ ತಾಮ್ರಶಾಸನಗಳಲ್ಲೂ ಈ ಪ್ರಸಂಗವಿದೆ. ಅವು ಅನಂತರ ಸಿದ್ಧಪಡಿಸಿದವೆಂಬುದು ವಿದ್ವಾಂಸರ ನಿಲುವು. ಹೀಗಾಗಿ ಇದು ನಗರ ಹುಟ್ಟಿದ ದಿನದ ವರದಿಯಲ್ಲ, ನಗರ ದೊಡ್ಡದಾದ ಮೇಲೆ ತನ್ನ ಹುಟ್ಟಿಗೆ ಕೊಟ್ಟುಕೊಂಡ ವಿವರಣೆ.

ಇದೇ ಮೊಲ ಚಿಕ್ಕಬಳ್ಳಾಪುರದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಆವತಿಯ ಮಲ್ಲಭೈರೇಗೌಡನು ಕೋಡಿಮಂಚೇನಹಳ್ಳಿಯ ಕಾಡಿನಲ್ಲಿ ಬೇಟೆಯಾಡುವಾಗ ಮೊಲವೊಂದು ನಾಯಿಗಳೆದುರು ಹೆದರದೆ ನಿಂತಿತಂತೆ. ಅದು ಆ ನೆಲದ ಗುಣವೆಂದು ಬಗೆದು, ವಿಜಯನಗರದ ಅರಸನ ಅಪ್ಪಣೆ ಪಡೆದು ಅಲ್ಲಿ ಕೋಟೆ ಕಟ್ಟಿಸಿದನಂತೆ. ಕೆಂಪೇಗೌಡನ ಬೆಂಗಳೂರಿಗೂ ಜನರು ಈ ಕಥೆಯನ್ನು ಹೇಳುತ್ತಾರೆ. ಗುಜರಾತಿನಲ್ಲಿ ಅಹಮದ್ ಷಾ 1411ರಲ್ಲಿ ಕಟ್ಟಿದ ಅಹಮದಾಬಾದಿಗೂ ಇದೇ ಮೊಲ, ಇದೇ ನಾಯಿ. ಒಂದೇ ಮೊಲ ಇಷ್ಟು ಊರುಗಳಲ್ಲಿ ಕಚ್ಚಿರಲಾರದು ಎಂದು ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಇಷ್ಟೊಂದು ಊರುಗಳಿಗೆ ಈ ಕಥೆಯೇ ಏಕೆ ಬೇಕಾಯಿತು ಎಂಬುದು ಕೇಳಲೇಬೇಕಾದ ಪ್ರಶ್ನೆ.

ಸಳನ ಕಥೆಯ ಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಗುರುವಿನ ಆಣತಿ ಇದೆ, ವೀರನ ತೋಳು ಇದೆ, ಸತ್ತ ಹುಲಿ ಇದೆ. ವಂಶದ ಹೆಸರೇ ಆ ಏಟಿನಿಂದ ಹುಟ್ಟುತ್ತದೆ. ಮೊಲದ ಕಥೆಯಲ್ಲಿ ಅರಸ ಬರಿಯ ನೋಟಕ. ಅವನು ಏನನ್ನೂ ಗೆಲ್ಲುವುದಿಲ್ಲ. ನಿಜ ಹೇಳಬೇಕೆಂದರೆ ಅವನ ನಾಯಿಗಳೇ ಸೋಲುತ್ತವೆ. ಶೌರ್ಯವಿರುವುದು ರಕ್ತದಲ್ಲಲ್ಲ, ಮಣ್ಣಿನಲ್ಲಿ. ಅದಕ್ಕೇ ಜನ ಅಂಥ ನೆಲವನ್ನು ‘ಗಂಡುಭೂಮಿ’ ಎಂದರು. ಪುರಾಣಪ್ರಸಿದ್ಧ ಕುಲದ ಬೆಂಬಲವಿಲ್ಲದೆ ಸ್ವಂತ ಬಲದಿಂದ ಮೇಲೆ ಬಂದ ನಾಯಕರಿಗೂ ಪಾಳೆಯಗಾರರಿಗೂ ಇದಕ್ಕಿಂತ ಅನುಕೂಲವಾದ ಕಥೆ ಇನ್ನೊಂದಿರಲಾರದು.

ಆ ಪಾತ್ರಕ್ಕೆ ಮೊಲವೇ ಆಗಬೇಕಿತ್ತು. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ನೆಲಕ್ಕೆ ಅಂಟಿ ಕೂರುತ್ತದೆ, ಕಂಡರೆ ಓಡುತ್ತದೆ. ಅದಕ್ಕಿರುವ ಆಯುಧ ಓಟವೊಂದೇ. (ಗೂಡಿನಲ್ಲಿ ಸಾಕುವ ಬಿಳಿಯ ಪ್ರಾಣಿ ಬೇರೆಯೇ ಜಾತಿ, ಯುರೋಪಿನ ಮೂಲದ್ದು, ಕನ್ನಡ ಎರಡನ್ನೂ ಮೊಲವೆಂದೇ ಕರೆಯುತ್ತದೆ.) ತರ್ಕಶಾಸ್ತ್ರದಲ್ಲಿ ಇಲ್ಲದ ವಸ್ತುವಿಗೆ ಉದಾಹರಣೆ ‘ಶಶವಿಷಾಣ’, ಮೊಲದ ಕೊಂಬು. ಐತಿಹ್ಯವು ಮೊಲಕ್ಕೆ ಆ ಕೊಂಬನ್ನೇ ಮೂಡಿಸಿತು. ಪಂಚತಂತ್ರದ ಮೊಲವೂ ಸಿಂಹವನ್ನು ಬಾವಿಗೆ ಕೆಡವಿತು, ಆದರೆ ಬುದ್ಧಿಯಿಂದ. ಹಂಪೆಯ ಮೊಲಕ್ಕೆ ಉಪಾಯವೂ ಬೇಕಾಗಲಿಲ್ಲ. ಕಾಲಡಿಯ ನೆಲ ಸಾಕಾಯಿತು.

ನಾಯಿಯ ಭಾಗ್ಯ ಬೇರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ತಕ್ಕೋಲದ ಕಾಳಗದ ಬೆನ್ನಿಗೇ ಸುಮಾರು 950ರಲ್ಲಿ ಹುಟ್ಟಿದ್ದು, ಕಾಳಿ ಎಂಬ ಬೇಟೆನಾಯಿಯನ್ನು ನೆನೆಯುತ್ತದೆ. ಗಂಗ ಬೂತುಗನ ಕಡೆಯ ವೀರ ಮಣಲೆರನು ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದ ನಾಯಿ ಅದು. ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಂತಿತು, ಪೂಜೆಯ ಏರ್ಪಾಡೂ ಆಯಿತು. ಒಡೆಯನಿಗಾಗಿ ಸತ್ತ ಪ್ರಾಣಿಗೆ ಶಾಸನ ಸಲ್ಲುವುದು ಸಹಜ. ಮೊಲಕ್ಕೆ ಒಡೆಯನಿಲ್ಲ, ಅದು ಹೋರಾಡಿದ್ದು ತನಗಾಗಿ.

ಜೈನದೃಷ್ಟಿಗೆ ಬೇಟೆ ಸಪ್ತವ್ಯಸನಗಳಲ್ಲಿ ಒಂದು. ಆ ಕಣ್ಣಿನಿಂದ ಓದಿದರೆ ಈ ಕಥೆಯ ಮುಖ್ಯ ಘಟನೆ ನಗರ ಕಟ್ಟಿದ್ದಲ್ಲ, ಬೇಟೆ ಅಷ್ಟಕ್ಕೇ ನಿಂತದ್ದು. ಅರ್ಧಮಾಗಧಿಯ ‘ಜ್ಞಾತಾಧರ್ಮಕಥಾ’ದ ಮೊದಲ ಅಧ್ಯಾಯದಲ್ಲಿ ಶ್ರೇಣಿಕನ ಮಗ ಮೇಘಕುಮಾರನ ಪೂರ್ವಜನ್ಮದ ವೃತ್ತಾಂತವಿದೆ. ಕಾಡ್ಗಿಚ್ಚಿನಲ್ಲಿ ಪ್ರಾಣಿಗಳೆಲ್ಲ ಬಯಲೊಂದರಲ್ಲಿ ಒತ್ತಿ ನಿಂತಾಗ, ಮೈ ತುರಿಸಲು ಆನೆ ಎತ್ತಿದ ಕಾಲಿನ ಕೆಳಗೆ ಒಂದು ಮೊಲ ಬಂದು ಕೂತಿತು. ಬೆಂಕಿ ಆರುವವರೆಗೆ, ಎರಡೂವರೆ ದಿನ, ಆನೆ ಆ ಕಾಲನ್ನು ಊರಲಿಲ್ಲ. ಮರಗಟ್ಟಿದ ಕಾಲಿನಿಂದ ಕೊನೆಗೆ ಉರುಳಿಬಿದ್ದಿತು. ಮುಂದೆ ರಾಜಕುಮಾರನಾಗಿ ಹುಟ್ಟಿದ್ದು ಆ ಆನೆಯೇ. ಈ ಮೊಲ ಯಾರನ್ನೂ ಕಚ್ಚಲಿಲ್ಲ. ಆದರೂ ಇಲ್ಲಿಯೂ ಅದು ಒಂದಿಷ್ಟು ನೆಲವನ್ನು ತನ್ನದಾಗಿಸಿಕೊಂಡಿತು, ಒಂದು ಆನೆಯ ಹೆಜ್ಜೆಯಷ್ಟು.

ಚಿತ್ರದುರ್ಗ ಸೀಮೆಯ ಕೆಲವು ಹಳ್ಳಿಗಳಲ್ಲಿ ಸಂಕ್ರಾಂತಿಯ ವೇಳೆಗೆ ಮೊಲವನ್ನು ಜೀವಂತವಾಗಿ ಹಿಡಿದು, ದೇವರ ಮುಂದೆ ಪೂಜಿಸಿ, ಮತ್ತೆ ಕಾಡಿಗೆ ಬಿಡುವ ರೂಢಿಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಲವನ್ನು ಬೇಟೆಯಾಡುವುದನ್ನೂ ಹಿಡಿಯುವುದನ್ನೂ ನಿಷೇಧಿಸಿದೆ. ಕಾಯ್ದೆಯ ಮುಂದೆ ಆ ಪೂಜೆಯೂ ಅಪರಾಧವೇ. ಆದರೆ ಬಲೆ ಹಾಕಿ ಹಿಡಿದ ಮೊಲವನ್ನು ತಿನ್ನದೆ, ಮೈಮುಟ್ಟಿ ನಮಸ್ಕರಿಸಿ, ಊರವರೆಲ್ಲ ನೋಡುತ್ತಿರುವಂತೆಯೇ ಬಯಲಿನಲ್ಲಿ ಓಡಲು ಬಿಡುವ ಈ ಆಚರಣೆಗೆ ಹಂಪೆಯ ಕಥೆಗಿಂತ ಕಡಿಮೆ ವಯಸ್ಸಿದೆಯೆಂದು ಹೇಳಲಾಗದು.