ಅರ್ಜಿದಾರಳಿಂದ ಅಧ್ಯಕ್ಷೆಯವರೆಗೆ: ಕಾಸರಗೋಡಿನ ಪಂಚಾಯತುಗಳಲ್ಲಿ ಮಹಿಳೆಯರ ದಾರಿ

ಗಡಿನಾಡಿನ ಕನ್ನಡದ ಬಗ್ಗೆ ಮಾತಾಡುವಾಗ ನಾವು ಶಾಲೆ, ಸಾಹಿತ್ಯ, ಯಕ್ಷಗಾನ ಇಷ್ಟರಲ್ಲೇ ನಿಂತುಬಿಡುತ್ತೇವೆ. ಪಂಚಾಯತ್ ಕಚೇರಿಯ ಒಳಗೆ ಹೋಗುವುದು ಕಡಿಮೆ. ಇವತ್ತು ಕಾಸರಗೋಡನ್ನು ಇಟ್ಟುಕೊಂಡು ಒಂದು ಪ್ರಶ್ನೆ ಕೇಳಬೇಕು ಅಂದುಕೊಂಡಿದ್ದೇನೆ. ಮೀಸಲಾತಿಯಿಂದ ಒಳಗೆ ಬಂದ ಮಹಿಳೆಯರು ಮೇಲಕ್ಕೆ ಏರಿದರೇ? ಏರದಿದ್ದರೆ ಅವರನ್ನು ತಡೆದದ್ದು ಯಾವುದು?

ಮೊದಲು ಸ್ವಲ್ಪ ಹಿನ್ನೆಲೆ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅದೇ ಜಿಲ್ಲೆಯ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲೇ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ತೀರಾ ಕಡಿಮೆ ಮತಗಳಿಂದ ಸೋತಿದ್ದರು. ಅಂದರೆ ಹೆಣ್ಣು ಚುನಾವಣೆಗೆ ನಿಲ್ಲುವುದು ಈ ಕರಾವಳಿಗೆ ಕೇಳರಿಯದ ಸಂಗತಿ ಏನಲ್ಲ. ಆದರೆ ಹಳ್ಳಿಯ ಆಡಳಿತಕ್ಕೆ ಆ ಗಾಳಿ ಬೀಸಲು ಬಹಳ ವರ್ಷ ಬೇಕಾಯಿತು. 1957ರ ಬಲವಂತರಾಯ್ ಮೆಹ್ತಾ ಸಮಿತಿ ಹೇಳಿದ್ದು ಇಷ್ಟೇ: ಮಹಿಳೆಯರ ಮತ್ತು ಮಕ್ಕಳ ಕೆಲಸದಲ್ಲಿ ಆಸಕ್ತಿ ಇರುವ ಇಬ್ಬರು ಮಹಿಳೆಯರನ್ನು ಸೇರಿಸಿಕೊಳ್ಳಿ. ಆರಿಸಿ ತನ್ನಿ ಅಂತಲ್ಲ, ಸೇರಿಸಿಕೊಳ್ಳಿ ಅಂತ.

ಗಡಿ ಎಳೆದ ಮೇಲೆ ಒಂದೇ ಜಿಲ್ಲೆಯ ಎರಡು ಹೋಳುಗಳು ಬೇರೆ ಬೇರೆ ವೇಗದಲ್ಲಿ ನಡೆದವು. ಕರ್ನಾಟಕದ 1983ರ ಕಾಯ್ದೆ ಮಹಿಳೆಯರಿಗೆ ಶೇ. 25 ಸ್ಥಾನ ಕೊಟ್ಟಿತು, 1987ರಲ್ಲಿ ಚುನಾವಣೆಯೂ ಆಯಿತು. ಪುತ್ತೂರು, ಸುಳ್ಯದ ಮಹಿಳೆಯರು ಮಂಡಲ ಪಂಚಾಯತಿನಲ್ಲಿ ಕೂತದ್ದು ಆಗಲೇ. ಈಚೆ ಕೇರಳದಲ್ಲಿ ಗ್ರಾಮ ಪಂಚಾಯತಿನ ಮೂರನೇ ಒಂದು ಪಾಲು ಸ್ಥಾನ ಮಹಿಳೆಯರಿಗೆ ಬಂದದ್ದು 73ನೇ ತಿದ್ದುಪಡಿಯ ನಂತರ, 1994ರ ಪಂಚಾಯತ್ ರಾಜ್ ಕಾಯ್ದೆಯ ಮೂಲಕ, 1995ರ ಚುನಾವಣೆಯಲ್ಲಿ.

ಬಂದದ್ದು ತಡವಾದರೂ ಕೇರಳದಲ್ಲಿ ಅದಕ್ಕೆ ಹಣದ ಬಲ ಸಿಕ್ಕಿತು. 1996ರ ಜನಕೀಯ ಯೋಜನೆಯಲ್ಲಿ ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟು ಸ್ಥಳೀಯ ಸಂಸ್ಥೆಗಳಿಗೆ ಹೋಯಿತು. ಅದರಲ್ಲಿ ಕನಿಷ್ಠ ಶೇ. 10 ಮಹಿಳಾ ಘಟಕ ಯೋಜನೆಗೆ ಮೀಸಲು. 1998ರಲ್ಲಿ ಕುಟುಂಬಶ್ರೀ ಶುರುವಾಯಿತು. ಮನೆಯ ಪಕ್ಕದ ಅಯಲ್‌ಕೂಟ, ವಾರ್ಡಿನಲ್ಲಿ ಎ.ಡಿ.ಎಸ್., ಪಂಚಾಯತಿನಲ್ಲಿ ಸಿ.ಡಿ.ಎಸ್. ಹೀಗೆ ಮೂರು ಹಂತ. ಲೆಕ್ಕ ಬರೆಯುವುದು, ಬ್ಯಾಂಕಿಗೆ ಹೋಗುವುದು, ಸಭೆಯಲ್ಲಿ ಎದ್ದು ನಿಂತು ಮಾತಾಡುವುದು ಎಷ್ಟೋ ಮಹಿಳೆಯರಿಗೆ ಅಭ್ಯಾಸವಾದದ್ದು ಇಲ್ಲಿ. ಪಕ್ಷಗಳು ಅಭ್ಯರ್ಥಿ ಹುಡುಕುವಾಗ ಮೊದಲು ನೋಡುವುದೂ ಇದೇ ಸಾಲನ್ನು. 2009ರ ತಿದ್ದುಪಡಿಯಿಂದ ಮೀಸಲಾತಿ ಶೇ. 50 ಆಯಿತು, 2010ರ ಚುನಾವಣೆಯಿಂದ ಜಾರಿಗೆ ಬಂತು. ಅಧ್ಯಕ್ಷ ಸ್ಥಾನಗಳಿಗೂ ಇದು ಅನ್ವಯ.

ಈಗ ಮೇಲಿನ ಮೆಟ್ಟಿಲು ನೋಡೋಣ. 140 ಸ್ಥಾನಗಳ ಕೇರಳ ವಿಧಾನಸಭೆಗೆ 1996ರಲ್ಲಿ 13 ಮಹಿಳೆಯರು ಆರಿಸಿ ಬಂದಿದ್ದರು, 2021ರಲ್ಲಿ 11. ಕಾಲು ಶತಮಾನದ ಪಂಚಾಯತ್ ಅನುಭವ ಮೇಲಕ್ಕೆ ಹರಿಯಲೇ ಇಲ್ಲ. ಕನ್ನಡಿಗರು ಹೆಚ್ಚಿರುವ ಮಂಜೇಶ್ವರ, ಕಾಸರಗೋಡು ಕ್ಷೇತ್ರಗಳಲ್ಲಿ 1957ರಿಂದ 2021ರ ತನಕ ಒಬ್ಬ ಮಹಿಳೆಯೂ ಗೆದ್ದಿಲ್ಲ.

ಯಾಕೆ? ಒಂದು ಕಾರಣ ಸರದಿ. ಈ ಸಲ ಮಹಿಳಾ ವಾರ್ಡ್ ಆದದ್ದು ಮುಂದಿನ ಸಲ ಜನರಲ್ ಆಗುತ್ತದೆ. ಐದು ವರ್ಷ ದುಡಿದು ಜನರ ಪರಿಚಯ ಮಾಡಿಕೊಂಡವಳ ಜಾಗಕ್ಕೆ ಪಕ್ಷ ಗಂಡಸನ್ನು ನಿಲ್ಲಿಸುತ್ತದೆ. ಜನರಲ್ ಅಂದರೆ ಗಂಡಸರದ್ದು ಅಂತ ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ, ರೂಢಿಯಲ್ಲಿ ಬರೆದುಬಿಟ್ಟಿದೆ. ಎರಡನೆಯದನ್ನು ಜೆ. ದೇವಿಕಾ ಮತ್ತು ಬಿನಿತಾ ತಂಬಿ ತಮ್ಮ 2012ರ ಪುಸ್ತಕದಲ್ಲಿ ಚರ್ಚಿಸಿದ್ದಾರೆ: ಪಂಚಾಯತಿನ ಮಹಿಳೆಯನ್ನು ಸವಲತ್ತು ಹಂಚುವ ಒಳ್ಳೆಯ ಹೆಂಗಸಾಗಿ ಒಪ್ಪಿಕೊಂಡಷ್ಟು ಸುಲಭವಾಗಿ ರಾಜಕಾರಣಿಯಾಗಿ ಒಪ್ಪಿಕೊಳ್ಳುವುದಿಲ್ಲ.

ಗಡಿನಾಡಿನಲ್ಲಿ ಇದಕ್ಕೆ ಮೂರನೆಯದೊಂದು ಸೇರುತ್ತದೆ, ಕಡತದ ಭಾಷೆ. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆಯಂಥ ಕಡೆ ಗ್ರಾಮಸಭೆಯ ಮಾತು ತುಳು, ಕನ್ನಡ, ಬ್ಯಾರಿ, ಮಲಯಾಳಂ ಎಲ್ಲದರಲ್ಲೂ ನಡೆಯುತ್ತದೆ. ಮೇಲಿನಿಂದ ಬರುವ ಸುತ್ತೋಲೆ ಮಾತ್ರ ಮಲಯಾಳಂ. ಇದು ಗಂಡಸರಿಗೂ ಇರುವ ಕಷ್ಟ ಅಲ್ವಾ ಅಂತ ಕೇಳಬಹುದು. ಹೌದು, ಆದರೆ ಒಂದೇ ಅಳತೆಯಲ್ಲಿ ಅಲ್ಲ. ಪಕ್ಷದ ಕಚೇರಿ, ಪೇಟೆ, ಕೋರ್ಟು ಅಂತ ಓಡಾಡುವ ಗಂಡಸಿಗೆ ಮಲಯಾಳಂ ತಾನಾಗಿ ಹತ್ತುತ್ತದೆ. ಪುತ್ತೂರು, ಬಂಟ್ವಾಳ ಕಡೆಯಿಂದ ಮದುವೆಯಾಗಿ ಬಂದವಳು ಆ ಅಕ್ಷರವನ್ನೇ ಶಾಲೆಯಲ್ಲಿ ಕಲಿತಿರುವುದಿಲ್ಲ. ಆಗ ಕಡತ ಓದಿ ಹೇಳುವವನೇ ತೀರ್ಮಾನ ಮಾಡುವವನೂ ಆಗಿಬಿಡುತ್ತಾನೆ. ಅದು ಗಂಡನೋ, ಪಕ್ಷದವರೋ, ಗುಮಾಸ್ತರೋ, ಯಾರೂ ಆಗಬಹುದು.

ಕಾನೂನಿನ ರಕ್ಷಣೆ ಇಲ್ಲವೇ? ಇದೆ. ಸಂವಿಧಾನದ 350ನೇ ವಿಧಿಯ ಪ್ರಕಾರ ಯಾರೇ ಆದರೂ ತಮ್ಮ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡಬಹುದು. ಆದರೆ ಗಮನಿಸಿ, ಈ ಹಕ್ಕು ಅಹವಾಲು ಕೊಡುವವರದ್ದು. ಅಂದರೆ ಮೇಜಿನ ಆಚೆ ನಿಂತ ಅರ್ಜಿದಾರಳಿಗೆ ಕನ್ನಡ ಇದೆ. ಮೇಜಿನ ಈಚೆ ಕೂತು ಸಹಿ ಹಾಕುವವಳಿಗೆ? ಹೆಣ್ಣನ್ನು ಸವಲತ್ತು ಪಡೆಯುವವಳಾಗಿ, ಕನ್ನಡಿಗರನ್ನು ಅಹವಾಲು ಹೇಳುವವರಾಗಿ ನೋಡುವ ಎರಡು ಅಭ್ಯಾಸಗಳು ಈ ಒಬ್ಬಳ ಮೇಲೆ ಒಟ್ಟಿಗೆ ಬಿದ್ದಿವೆ. ನನ್ನ ಇಡೀ ವಾದ ಇಷ್ಟೇ.

ಈ ಪ್ರಶ್ನೆ ಕಾಸರಗೋಡಿಗೇ ಮುಗಿಯುವುದಿಲ್ಲ. ಮಹಾರಾಷ್ಟ್ರ 2011ರಲ್ಲಿ ಶೇ. 50 ಮೀಸಲಾತಿ ತಂದಿತು. ಅಕ್ಕಲಕೋಟೆ, ಜತ್ತದಲ್ಲಿ ಮಲಯಾಳಂ ಬದಲು ಮರಾಠಿ ಅಂತ ಇಟ್ಟು ಇದನ್ನೇ ಕೇಳಿನೋಡಬೇಕು. ಕನ್ನಡ ಓದುವ ನಮಗೂ ಇಲ್ಲಿ ಕೆಲಸ ಇದೆ. ಸುತ್ತೋಲೆ, ತರಬೇತಿ ಪುಸ್ತಕ, ಗ್ರಾಮಸಭೆಯ ನಡಾವಳಿ ಇವನ್ನು ಸರಳ ಕನ್ನಡಕ್ಕೆ ತರುವುದು ಕವಿತೆ ಅನುವಾದ ಮಾಡಿದಷ್ಟೇ ಗೌರವದ ಕೆಲಸ ಅಂತ ನಮ್ಮ ವಿಭಾಗಗಳು ಒಪ್ಪಬೇಕು. ಸಹಿ ಹಾಕುವ ಮೊದಲು ಅವಳೇ ಓದುವಂತಾಗಲಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.