ಬಿಸಿಲು ಬಾಯಿಬಿಟ್ಟ ದಿನ

ದೂರವಾಣಿಯನ್ನು ಕಂಡುಹಿಡಿದವರಾರೆಂದು ಕೇಳಿದರೆ ಶಾಲೆಯ ಹುಡುಗನೂ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಹೆಸರು ಹೇಳಿಯಾನು. ಆದರೆ ಲೋಕಕ್ಕೆಲ್ಲ ಬೇಕಾದ ಆ ಯಂತ್ರಕ್ಕಿಂತ ಬೆಲ್ಲನಿಗೆ ಅಚ್ಚುಮೆಚ್ಚಾಗಿದ್ದುದು ಯಾರಿಗೂ ಬೇಡವಾದ ಇನ್ನೊಂದು: ತಂತಿಯ ಹಂಗಿಲ್ಲದೆ ಬೆಳಕಿನ ಮೇಲೆ ಮಾತನ್ನು ಸಾಗಿಸುವ ‘ಫೋಟೋಫೋನ್’.

1880ರ ಫೆಬ್ರವರಿಯಲ್ಲಿ ಅದು ವಾಷಿಂಗ್ಟನ್ನಿನ ಪ್ರಯೋಗಶಾಲೆಯಲ್ಲಿ ಮೊದಲು ಮಾತಾಡಿತು. ಅದೇ ವಾರ ಬೆಲ್ಲನಿಗೆ ಎರಡನೆಯ ಹೆಣ್ಣುಮಗು. ಕೂಸಿಗೂ ಫೋಟೋಫೋನ್ ಎಂದೇ ಹೆಸರಿಡಬೇಕೆಂದು ತಂದೆಯ ಆಸೆಯಂತೆ! ತಾಯಿ ಮೇಬೆಲ್ ಒಪ್ಪಲಿಲ್ಲ. ಮಗು ಮೇರಿಯನ್ ಆಗಿ ಉಳಿದುಕೊಂಡಿತು. ಎಳವೆಯ ಜ್ವರದಲ್ಲಿ ಕಿವಿ ಕಳೆದುಕೊಂಡಿದ್ದ ಮೇಬೆಲ್ಲಳಿಗೆ ಗಂಡನ ಎರಡು ಯಂತ್ರಗಳೂ ಮೂಕವೇ ಆಗಿದ್ದುವೆಂಬುದನ್ನು ನೆನೆದರೆ ಮನಸ್ಸು ಒದ್ದೆಯಾಗುತ್ತದೆ.

ಯಂತ್ರದ ಮರ್ಮ ಸರಳ. ತೆಳುವಾದ ಕನ್ನಡಿಯ ಬೆನ್ನಿಗೆ ಮಾತಾಡಿದರೆ ದನಿಗೆ ತಕ್ಕಂತೆ ಕನ್ನಡಿ ಉಬ್ಬಿ ತಗ್ಗುತ್ತದೆ. ಅದರ ಮೇಲೆ ಬಿದ್ದು ಹೊರಳಿದ ಬಿಸಿಲು ಹಾಗೆಯೇ ಕೂಡಿ ಚದರುತ್ತದೆ. ಬೆಳಕು ಬಿದ್ದಾಗ ಸೆಲೆನಿಯಂ ವಿದ್ಯುತ್ತನ್ನು ಹೆಚ್ಚು ಸಲೀಸಾಗಿ ಹರಿಯಗೊಡುವುದೆಂದು 1873ರಲ್ಲೇ ವಿಲ್ಲಬಿ ಸ್ಮಿತ್ ತಿಳಿಸಿದ್ದನು. ಆಚೆ ತುದಿಯಲ್ಲಿ ಸೆಲೆನಿಯಮ್ಮಿಗೆ ಬ್ಯಾಟರಿಯನ್ನೂ ದೂರವಾಣಿಯ ಕಿವಿಗೊಳವೆಯನ್ನೂ ಜೋಡಿಸಿದರೆ, ಕಿರಣದ ಏರಿಳಿತವೇ ಮತ್ತೆ ದನಿಯಾಗುತ್ತದೆ.

ಆ ವರ್ಷದ ಜೂನ್ 3ರಂದು ಬೆಲ್ಲನ ಸಹಾಯಕ ಚಾರ್ಲ್ಸ್ ಸಮ್ನರ್ ಟೇಂಟರ್ ಯಂತ್ರವನ್ನು ಫ್ರಾಂಕ್ಲಿನ್ ಶಾಲೆಯ ಮೇಲಕ್ಕೆ ಒಯ್ದನು. ಅಲ್ಲಿಗೆ 213 ಮೀಟರ್ ದೂರದ ಪ್ರಯೋಗಶಾಲೆಯಲ್ಲಿ ಬೆಲ್ ಕಿವಿಗೊಟ್ಟು ಕುಳಿತಿದ್ದನು. ಕೇಳಿಸಿದರೆ ಕಿಟಕಿಗೆ ಬಂದು ಟೋಪಿ ಬೀಸಬೇಕೆಂದು ಟೇಂಟರ್ ಕಿರಣದ ಮೂಲಕ ಹೇಳಿದನು. ಬೆಲ್ ಟೋಪಿ ಬೀಸಿದನು. ಮಾರ್ಕೋನಿಗೆ ಆಗಿನ್ನೂ ಆರು ವರ್ಷ!

ಪತ್ರಿಕೆಗಳವರು ನಗದೆ ಬಿಟ್ಟಾರೆಯೆ? ಬಿಸಿಲುಕೋಲುಗಳನ್ನು ತಂತಿ ಕಂಬಗಳಿಗೆ ನೇತುಹಾಕುವರೋ, ಅವುಗಳ ದಪ್ಪವೆಷ್ಟೋ ಎಂದು ನ್ಯೂಯಾರ್ಕ್ ಟೈಮ್ಸ್ ಕುಚೋದ್ಯ ಮಾಡಿತು. ನಿಜವಾದ ಕಷ್ಟ ಬೇರೆಯೇ ಇತ್ತು. ಮೋಡ ಮುಸುಕಿದರೆ ಮಾತು ನಿಂತಿತು, ಮಂಜು ಕವಿದರೆ ಮುಗಿಯಿತು. ಅಡ್ಡ ಬಂದ ಗೋಡೆಯನ್ನು ಕಿರಣ ದಾಟದು. ಮುಂದೆ ಬಂದ ರೇಡಿಯೋ ಅಲೆಗಳಿಗೆ ಈ ಮಡಿವಂತಿಕೆ ಇರಲಿಲ್ಲ. ಲೋಕ ಅವುಗಳ ಬೆನ್ನು ಹತ್ತಿತು. ಬೆಲ್ ಮಾತ್ರ 1922ರಲ್ಲಿ ತೀರಿಕೊಳ್ಳುವವರೆಗೂ ಫೋಟೋಫೋನೇ ತನ್ನ ಹಿರಿಯ ಸಾಧನೆಯೆಂದು ನಂಬಿದ್ದನು. ಹೆತ್ತವರ ಮೋಹವೆಂದು ಹಲವರು ತಿಳಿದಿರಬೇಕು.

1947ರಲ್ಲಿ, ಅವನು ಹುಟ್ಟಿ ನೂರು ವರ್ಷವಾದಾಗ, ಆ ಶಾಲೆಗೊಂದು ಸ್ಮಾರಕ ಫಲಕ ಹಾಕಿದರು. 1960ರಲ್ಲಿ ಥಿಯೋಡರ್ ಮೈಮನ್ ಲೇಸರನ್ನು ಬೆಳಗಿಸಿದ ಮೇಲೆ ಬೆಲ್ಲನಿಗೆ ಸಿಗದಿದ್ದ ಹದವಾದ ಕಿರಣ ಸಿಕ್ಕಿತು. 2021ರಲ್ಲಿ ಕಾಂಗೋ ನದಿಯ ಎರಡು ದಡಗಳ ರಾಜಧಾನಿಗಳಾದ ಬ್ರಾಜವಿಲ್ ಮತ್ತು ಕಿನ್ಶಾಸಾಗಳ ನಡುವೆ, ನೀರಿನ ಮೇಲೆ ಸುಮಾರು 5 ಕಿಲೋಮೀಟರ್ ದೂರ, ಬರಿಯ ಬೆಳಕಿನ ಕಿರಣವೇ ಇಂಟರ್ನೆಟ್ಟನ್ನು ದಾಟಿಸಿತು. ಮಂಜು ದಟ್ಟವಾದರೆ ಈ ಕಿರಣವೂ ತೊದಲುತ್ತದೆ.