ನಂಬಿಂಗ್ ಕ್ರೀಮಿನ ನೂರು ವರ್ಷ

ಲೇಸರ್ ಹೇರ್ ರಿಮೂವಲ್, ಟ್ಯಾಟೂ ಅಂತ ಹೊರಟವರಿಗೆ ಸ್ನೇಹಿತರು ಕೊಡುವ ಮೊದಲ ಸಲಹೆ ಒಂದೇ: "ನಂಬಿಂಗ್ ಕ್ರೀಮ್ ಹಚ್ಕೊಂಡು ಹೋಗು, ಏನೂ ಗೊತ್ತಾಗಲ್ಲ." ಏನೋ ಮಾಯಿಶ್ಚರೈಸರ್ ಅನ್ನೋ ಹಾಗೆ. ಆದರೆ ಅದರ ಇತಿಹಾಸ ನೋಡಿದರೆ, ನನಗಂತೂ ಅದನ್ನು ಸೌಂದರ್ಯವರ್ಧಕಗಳ ಜೊತೆ ಇಡೋಕೆ ಮನಸ್ಸು ಬರಲ್ಲ.

ಕಥೆ ಶುರುವಾಗೋದು ಕೋಕಾ ಎಲೆಯಿಂದ. 1860ರಲ್ಲಿ ಜರ್ಮನಿಯ ಆಲ್ಬರ್ಟ್ ನೀಮನ್ ಆ ಎಲೆಯಿಂದ ಕೊಕೇನನ್ನು ಬೇರ್ಪಡಿಸಿದ ವಿವರ ಬರೆದರು. ಅದು ನಾಲಿಗೆಯನ್ನು ಮರಗಟ್ಟಿಸುತ್ತದೆ ಅಂತಲೂ ದಾಖಲಿಸಿದರು. ಅದರಿಂದ ಶಸ್ತ್ರಚಿಕಿತ್ಸೆಗೆ ಉಪಯೋಗ ಇದೆ ಅಂತ ತೋರಿಸಲು 24 ವರ್ಷ ಬೇಕಾಯಿತು. 1884ರಲ್ಲಿ ವಿಯೆನ್ನಾದ ಯುವ ವೈದ್ಯ ಕಾರ್ಲ್ ಕೊಲ್ಲರ್ ಕೊಕೇನ್ ದ್ರಾವಣವನ್ನು ಕಪ್ಪೆಯ ಕಣ್ಣಿಗೆ ಬಿಟ್ಟು ನೋಡಿದರು. ಆಮೇಲೆ ತಮ್ಮದೇ ಕಣ್ಣಿಗೆ ಹಾಕಿಕೊಂಡು ಗುಂಡುಸೂಜಿಯ ತಲೆಯಿಂದ ಮುಟ್ಟಿದರು. ನೋವೇ ಇಲ್ಲ! ಹೈಡಲ್‌ಬರ್ಗ್‌ನ ಸಮ್ಮೇಳನಕ್ಕೆ ಹೋಗಲು ಅವರ ಹತ್ತಿರ ದುಡ್ಡಿರಲಿಲ್ಲ. ಪ್ರಬಂಧವನ್ನು ಬೇರೊಬ್ಬ ವೈದ್ಯರು ಓದಿದರು. ಅಲ್ಲಿಂದ ಕಣ್ಣಿನ ಶಸ್ತ್ರಚಿಕಿತ್ಸೆಯೇ ಬದಲಾಯಿತು.

ಆದರೆ ಕೊಕೇನ್ ಚಟ ಹಿಡಿಸುತ್ತಿತ್ತು. ಪ್ರಯೋಗಕ್ಕೆ ಅಂತ ತಮ್ಮ ಮೇಲೆಯೇ ಬಳಸಿದ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ವ್ಯಸನಿಯಾದರು. ಚಟವಿಲ್ಲದ ಮದ್ದುಗಳ ಹುಡುಕಾಟ ನಡೆಯಿತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ಲಿಡೊಕೇನ್ ತಯಾರಿಸಿದರು. ಇವತ್ತಿನ ಹೆಚ್ಚಿನ ಕ್ರೀಮುಗಳಲ್ಲಿರೋದು ಇದೇ.

ಇಷ್ಟಾದರೂ ಒಂದು ಗೋಡೆ ಉಳಿದಿತ್ತು: ಚರ್ಮ. ಕಣ್ಣು, ನಾಲಿಗೆ ಸುಲಭವಾಗಿ ಮರಗಟ್ಟುತ್ತವೆ. ಚರ್ಮದ ಮೇಲ್ಪದರದ ಸತ್ತ ಕೋಶಗಳು ಮಾತ್ರ ಮದ್ದನ್ನು ಒಳಗೆ ಬಿಡೋದೇ ಇಲ್ಲ. ಸೂಜಿ ಚುಚ್ಚಬೇಕಿತ್ತು, ಅದೇ ನೋವು! 1980ರ ದಶಕದಲ್ಲಿ ಸ್ವೀಡನ್ನಿನವರೇ ಉಪಾಯ ಕಂಡುಹಿಡಿದರು. ಲಿಡೊಕೇನ್, ಪ್ರಿಲೊಕೇನ್ ಎರಡೂ ಬಿಡಿಬಿಡಿಯಾಗಿ ಪುಡಿ. ಸಮನಾಗಿ ಬೆರೆಸಿದರೆ ಕೋಣೆಯ ಬಿಸಿಗೇ ಎಣ್ಣೆಯಾಗುತ್ತವೆ. ತಲಾ 2.5% ಸೇರಿಸಿ ಮಾಡಿದ ಕ್ರೀಮನ್ನು ಹಚ್ಚಿ, ಮೇಲೆ ಮುಚ್ಚಿ, ಒಂದು ಗಂಟೆ ಬಿಟ್ಟರೆ ಗೋಡೆ ದಾಟುತ್ತದೆ. ಕೊಲ್ಲರ್ ಕಣ್ಣಿನಿಂದ ಚರ್ಮದವರೆಗೆ ಬರಲು ಸುಮಾರು ನೂರು ವರ್ಷ!

ನನ್ನನ್ನು ಯೋಚನೆಗೆ ಹಚ್ಚಿದ್ದು ಇಲ್ಲೇ. ಆ ಗೋಡೆ ಬರೀ ಅಡ್ಡಿಯಲ್ಲ, ನಮ್ಮ ಕಾವಲು ಕೂಡ. ದಾಟಿದ ಮದ್ದು ರಕ್ತಕ್ಕೂ ಸೇರುತ್ತದೆ. ಹೆಚ್ಚಾದರೆ ಮೆದುಳನ್ನೂ ಹೃದಯವನ್ನೂ ಕೆಡಿಸುತ್ತದೆ. 2007ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. 22 ಮತ್ತು 25 ವರ್ಷದ ಇಬ್ಬರು ಯುವತಿಯರು ಲೇಸರ್‌ಗೆ ಮುಂಚೆ ಕಾಲಿಗೆಲ್ಲ ಪ್ರಬಲ ಕ್ರೀಮ್ ಬಳಿದು, ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಫಿಟ್ಸ್ ಬಂತು, ಕೋಮಾಕ್ಕೆ ಹೋದರು, ತೀರಿಕೊಂಡರು. 2024ರಲ್ಲೂ ಇದೇ ಸಂಸ್ಥೆ, ವೈದ್ಯರ ಚೀಟಿ ಇಲ್ಲದೆ 4%ಕ್ಕಿಂತ ಹೆಚ್ಚು ಲಿಡೊಕೇನ್ ಇರುವ ಕ್ರೀಮ್ ಮಾರುತ್ತಿದ್ದ ಕಂಪನಿಗಳಿಗೆ ನೋಟಿಸ್ ಕಳಿಸಬೇಕಾಯಿತು.

ಹಾಗಂತ ನೋವು ತಿನ್ನಿ ಅಂತ ನಾನು ಹೇಳ್ತಿಲ್ಲ. ಸರಿಯಾಗಿ ಬಳಸಿದರೆ ಇದು ಒಳ್ಳೆಯ ಮದ್ದೇ. ಕ್ಲಿನಿಕ್ಕಿನವರು "ಮನೆಯಿಂದಲೇ ಹಚ್ಕೊಂಡು ಬನ್ನಿ" ಅಂದರೆ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಪರ್ಸೆಂಟ್? ಎಷ್ಟು ಜಾಗಕ್ಕೆ? ಎಷ್ಟು ಹೊತ್ತು? ಮುಚ್ಚಬೇಕಾ, ಬೇಡ್ವಾ? ಉತ್ತರ ಗೊತ್ತಿಲ್ಲ ಅಂದರೆ ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಿ. ಕಾಲಿನ ಕೂದಲು ಎಲ್ಲೂ ಓಡಿಹೋಗಲ್ಲ.